ಉಚ್ಚೆ ಉಂಡೆ ಎಣಿಸಿದ ಕಥೆ

"ಅದಕ್ಕೇನೂ ಆಗಿಲ್ಲ ಕಣೇ, ನೋಡು ಹೇಗೆ ತಿಂತಿದೆ!" ನಮ್ಮತ್ತೆ ಈ ಮಾತನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಬೆಕ್ಕು ಸಾಕುವವರೆಲ್ಲ ಇದನ್ನೇ ನಂಬಿರುತ್ತೇವೆ, ಅಲ್ವಾ? ಗುಂಡ ಸಾಯುವ ತನಕ ನಾನೂ ನಂಬಿದ್ದೆ.

ಗುಂಡ ಮೂರು ವರ್ಷದ ಗಂಡು, ಐದೂವರೆ ಕೆಜಿ ಹತ್ತಿರ ಇದ್ದ. ಒಂದು ದಿನ ಬೆಳಗ್ಗೆಯಿಂದ ಉಚ್ಚೆ ಕಕ್ಕಕ್ಕೆ ಇಟ್ಟ ಟ್ರೇಗೆ ಹೋಗುವುದು, ತಿಣುಕುವುದು, ಎದ್ದು ಬರುವುದು, ಹಿಂದೆ ನೆಕ್ಕಿಕೊಳ್ಳುವುದು. ಹೊಟ್ಟೆ ಕಟ್ಟಿದೆ ಅಂದುಕೊಂಡು ಅರ್ಧ ಚಮಚ ಹರಳೆಣ್ಣೆ ಕುಡಿಸಿದೆ. ಸಂಜೆ ಎರಡು ತುಂಡು ಮೀನು ತಿಂದ. ಸರಿಹೋಯ್ತು ಅಂತ ಮಲಗಿದೆ. ಮಾರನೆ ದಿನ ವಾಂತಿ. ಅದರ ಮಾರನೆ ದಿನ ಆಸ್ಪತ್ರೆಗೆ ಎತ್ತಿಕೊಂಡು ಹೋದಾಗ ಕಿವಿ, ಪಾದ ಎಲ್ಲ ತಣ್ಣಗಾಗಿತ್ತು. ಕಟ್ಟಿದ್ದು ಉಚ್ಚೆ. ಗಂಡು ಬೆಕ್ಕಿಗೆ ಉಚ್ಚೆ ಪೂರ್ತಿ ಕಟ್ಟಿತು ಅಂದರೆ ಎರಡು ಮೂರು ದಿನದ ಆಟ ಅಷ್ಟೆ. ಉಚ್ಚೆ ತೆಗೆಯುವ ನಳಿಕೆ (ಕ್ಯಾಥೆಟರ್), ಡ್ರಿಪ್ ಎಲ್ಲ ಸೇರಿ 14 ಸಾವಿರ ಖರ್ಚಾಯಿತು. ರಾತ್ರಿ ಹೋಗಿಬಿಟ್ಟ.

ಆಮೇಲೆ ಬೆಕ್ಕಿನ ಮುಖ ನೋಡಿ ಕಾಯಿಲೆ ಹೇಳುವ ಹುಚ್ಚು ಬಿಟ್ಟೆ. ನೋವಿದ್ದರೂ ಗುರ್ ಗುರ್ ಅನ್ನುತ್ತವೆ, ಅದನ್ನೇನು ನಂಬುವುದು? ದಿನಾ ಟ್ರೇಯಲ್ಲಿ ಉಚ್ಚೆ ತಾಗಿ ಗಟ್ಟಿಯಾದ ಉಂಡೆ ಎಷ್ಟು, ವಾರಕ್ಕೊಮ್ಮೆ ತೂಕ ಎಷ್ಟು, ಎರಡನ್ನೂ ಬರೆದಿಡಬೇಕು ಅಂತ ತೀರ್ಮಾನಿಸಿದೆ. ಬ್ಲೌಸ್ ಅಳತೆ ಬರೆಯುವ ಪುಸ್ತಕದ ಹಿಂಬದಿಯಲ್ಲೇ ಶುರು ಮಾಡಿದೆ. ಮನೆಯಲ್ಲಿ ಎಲ್ಲರಿಗೂ ನಗು.

ಮೊದಲ ಆರು ತಿಂಗಳು ಬರೀ ಸೋಲು. ಪಕ್ಕದ ಸೈಟಿನ ಮರಳು ಹಾಕಿದೆ, ಉಂಡೆ ಕಟ್ಟಲಿಲ್ಲ. ಸಾಮಿಲ್‌ನಿಂದ ಪುಕ್ಕಟೆ ಹೊಟ್ಟು ತಂದೆ, ಮನೆಯೆಲ್ಲ ಹೊಟ್ಟಾಯಿತೇ ಹೊರತು ಲೆಕ್ಕ ಸಿಗಲಿಲ್ಲ. ಕೊನೆಗೆ ಟ್ರೇಗೆ ಹಾಕುವ, ಉಚ್ಚೆ ತಾಗಿದರೆ ಗಟ್ಟಿಯಾಗುವ ಬೆಂಟೊನೈಟ್ ಜೇಡಿಮಣ್ಣಿನ ಲಿಟರ್‌ಗೇ ಬಂದೆ. ಐದು ಬೆಕ್ಕಿಗೆ ತಿಂಗಳಿಗೆ 2 ಸಾವಿರದ ಮೇಲೆ. "ನಮ್ಮ ಅಕ್ಕಿಗಿಂತ ಜಾಸ್ತಿ ಆಯ್ತಲ್ಲ," ಅಂದರು ಯಜಮಾನರು. ನಿಜವೇ.

ತೂಕದ್ದು ಇನ್ನೊಂದು ಗೋಳು. ಬೆಕ್ಕು ಎತ್ತಿಕೊಂಡು ನಾನು ತೂಕದ ಮಷೀನ್ ಹತ್ತಿ, ನನ್ನ ತೂಕ ಕಳೆಯುತ್ತಿದ್ದೆ. 200 ಗ್ರಾಂ ಆಚೆ ಈಚೆ ತೋರಿಸುತ್ತಿತ್ತು. ನಮಗೆ ಬೇಕಾದದ್ದೇ ಆ 200 ಗ್ರಾಂ! ನಾಲ್ಕು ಕೆಜಿ ಬೆಕ್ಕಿಗೆ ಅದು ಸಣ್ಣದಲ್ಲ. ಆಮೇಲೆ ಮಕ್ಕಳನ್ನು ತೂಗುವ ತಕ್ಕಡಿ, ಸೆಕೆಂಡ್ ಹ್ಯಾಂಡ್, 900 ಕೊಟ್ಟು ತಂದೆ. ಅದರ ಮೇಲೆ ಬೆಕ್ಕು ತಾನಾಗಿ ಹತ್ತಿ ಕೂರುವ ಹಾಗೆ ಒಂದು ಉಪಾಯ ಮಾಡಿದ್ದೇನೆ. ಹತ್ತು ಸೆಕೆಂಡ್ ಅಲ್ಲಾಡುವುದಿಲ್ಲ. ಅದನ್ನು ಮಾತ್ರ ಇಲ್ಲಿ ಬರೆಯಲ್ಲ.

ಯಾವ ಉಂಡೆ ಯಾರದ್ದು? ಎಲ್ಲರೂ ಕೇಳುವುದು ಇದನ್ನೇ. ಬಣ್ಣ ಹಾಕೋಣ ಅಂತ ಮಗಳ ವಿಷವಿಲ್ಲದ ಕ್ರೇಯಾನ್ ತುರಿದು ಸುಬ್ಬಿಯ ಊಟಕ್ಕೆ ಚಿಟಿಕೆ ಬೆರೆಸಿದೆ. ಮಾರನೆ ದಿನ ಹಸಿರು ಕಕ್ಕ! ಭೇದಿ ಯಾರಿಗೆ ಅಂತ ಹಿಡಿಯಲು ಒಳ್ಳೆಯ ಉಪಾಯ, ಉಚ್ಚೆಗೆ ಉಪಯೋಗವಿಲ್ಲ. ಹಾಗಾಗಿ ನಮ್ಮ ಗಂಡು ಬೆಕ್ಕು ಕರಿಯ, ರಾತ್ರಿ ಹೊತ್ತು ನನ್ನ ಹೊಲಿಗೆ ಕೋಣೆಯಲ್ಲಿ, ವಯಸ್ಸಾದ ಪುಟ್ಟಿ ಅತ್ತೆಯ ಕೋಣೆಯಲ್ಲಿ, ಬೇರೆ ಬೇರೆ ಟ್ರೇ. ಉಳಿದವು ಒಟ್ಟಿಗೆ.

ಕರಿಯನದ್ದು ರಾತ್ರಿಗೆ ಎರಡು ಉಂಡೆ, ನಿಂಬೆಹಣ್ಣಿನ ಗಾತ್ರ. ಒಂದು ಬೆಳಗ್ಗೆ ನೋಡಿದರೆ ನಿಂಬೆಹಣ್ಣು ಒಂದೂ ಇಲ್ಲ, ಅವರೆಕಾಳಿನಷ್ಟು ಮೂರು ನಾಲ್ಕು ಚೂರು. ಅವನು ಮಾತ್ರ ತಟ್ಟೆ ನೆಕ್ಕುತ್ತಿದ್ದ. ಮೈಸೂರಿನ ಒಂದು ಕ್ಲಿನಿಕ್‌ಗೆ ಓಡಿದೆ. "ಊಟ ಮಾಡ್ತಿದೆಯಲ್ಲಮ್ಮ, ನಾಳೆ ತನ್ನಿ," ಅಂದ ಅಲ್ಲಿದ್ದ ಹುಡುಗ. ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಡಾಕ್ಟರು ಬಂದು ಪುಸ್ತಕ ನೋಡಿದರು, ಹೊಟ್ಟೆ ಒತ್ತಿದರು. ಮೂಸಂಬಿಯ ಹಾಗೆ ಗಟ್ಟಿ. ಅರ್ಧ ಗಂಟೆಯಲ್ಲಿ ಕ್ಯಾಥೆಟರ್ ಹಾಕಿದರು. ಮೂರು ದಿನ, 9 ಸಾವಿರ ಚಿಲ್ಲರೆ. ಬೆಕ್ಕು ಮನೆಗೆ ಬಂತು. ಈಗ ಒಣ ಊಟ ಕಡಿಮೆ, ನೀರು ಬೆರೆಸಿದ್ದೇ ಜಾಸ್ತಿ.

ಪುಟ್ಟಿಯದ್ದು ತದ್ವಿರುದ್ಧ. ಅವಳಿಗೆ ಹನ್ನೊಂದು ವರ್ಷ. ಉಂಡೆಗಳು ದೊಡ್ಡದಾಗುತ್ತಾ ಬಂದವು, ಎಣಿಕೆಯೂ ಏರಿತು. ಬಚ್ಚಲಿನ ಬಕೆಟ್ಟಿಗೆ ಬಾಯಿ ಹಾಕಿ ನೀರು ಕುಡಿಯುತ್ತಿದ್ದಳು. ತೂಕ 4.1 ಇದ್ದದ್ದು ಎರಡು ಮೂರು ತಿಂಗಳಲ್ಲಿ 3.6. ಊಟ ಎಂದಿನಂತೆಯೇ. "ವಯಸ್ಸಾಯ್ತು, ಸೊರಗ್ತಾಳೆ," ಅಂದರು ಅತ್ತೆ. ರಕ್ತ ಪರೀಕ್ಷೆಗೆ 1800 ಆಯಿತು. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ಏರಿತ್ತು, ನನಗೆ ನೆನಪಿರುವಂತೆ 2.4. ಕಿಡ್ನಿ ಸೋಲುತ್ತಿತ್ತು. ರಕ್ತದಲ್ಲಿ ಕಾಣುವ ಹೊತ್ತಿಗೆ ಕಿಡ್ನಿಯ ಬಹುಪಾಲು ಹೋಗಿರುತ್ತದಂತೆ, ಹಾಗಾಗಿ ಬೇಗ ಹಿಡಿದೆ ಅಂತ ಪೂರ್ತಿ ಬೀಗುವಂತಿಲ್ಲ. ಆದರೂ ಎರಡು ವರ್ಷ ಆಯಿತು, ಪುಟ್ಟಿ ಇದ್ದಾಳೆ. ಕಿಡ್ನಿ ಕಾಯಿಲೆಗೆಂದೇ ಇರುವ ಊಟ ದುಬಾರಿ, ಅವಳಿಗೆ ಇಷ್ಟವೂ ಇಲ್ಲ. ಕೋಳಿ ಸಾರಿನ ತಿಳಿ ಬೆರೆಸುತ್ತೇನೆ, ಉಪ್ಪು ಈರುಳ್ಳಿ ಇಲ್ಲದ್ದು.

ಕೊರೋನಾ ಕಾಲದ ಜ್ವರದ ಗನ್ ಕೂಡ ಪ್ರಯೋಗ ಮಾಡಿದ್ದೇನೆ. ಕೂದಲ ಮೇಲೆ ಹಿಡಿದರೆ ಐದೂ ಬೆಕ್ಕಿಗೆ 94! ಸುಮ್ನೆ ದಂಡ. ಮೂಗು ಒದ್ದೆಯಾ ಒಣಗಿದೆಯಾ ಅನ್ನುವುದೂ ಅಷ್ಟೇ. ಉಸಿರು ಎಣಿಸುವುದು ಮಾತ್ರ ಕೆಲಸಕ್ಕೆ ಬಂತು. ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ 15 ಸೆಕೆಂಡಿನಲ್ಲಿ ಎಷ್ಟು ಸಲ ಏರಿಳಿಯಿತು ನೋಡಿ ನಾಲ್ಕರಿಂದ ಗುಣಿಸುವುದು. ನಮ್ಮವರದ್ದು 20, 24. ಮತ್ತೆ ಮತ್ತೆ ಎಣಿಸಿದರೂ 30 ದಾಟುತ್ತಿದ್ದರೆ ನಾನು ಕಾಯುವುದಿಲ್ಲ. ಬಾಯಿ ತೆರೆದು ತೇಕುತ್ತಿದ್ದರೆ ಎಣಿಸುತ್ತಾ ಕೂರುವುದೂ ಇಲ್ಲ, ನೇರ ಆಟೋ.

ಈಗ ಡಾಕ್ಟರೇ "ಪುಸ್ತಕ ತಂದ್ರಾ ಅಮ್ಮ?" ಅಂತ ಕೇಳುತ್ತಾರೆ. ಹಿಗ್ಗಾಗದೆ ಇರುತ್ತದೆಯೇ? ಆದರೆ ಹೋದ ತಿಂಗಳು ಬಂದ ಆರನೇ ಮರಿ ನನ್ನ ಪಾಂಡಿತ್ಯವನ್ನೆಲ್ಲ ನೀರು ಪಾಲು ಮಾಡಿದೆ. ಟ್ರೇ ಮೂಸಿಯೂ ನೋಡಲ್ಲ, ಬಚ್ಚಲಿನ ತೂತಿನ ಮೇಲೇ ಹೋಗಿ ಕೂರುತ್ತದೆ. ಎಣಿಸುವುದೇನನ್ನು? ಸದ್ಯಕ್ಕೆ ತಕ್ಕಡಿ ಒಂದೇ ಗತಿ. ಹೋದ ಭಾನುವಾರ 1 ಕೆಜಿ 100 ಗ್ರಾಂ ತೂಗಿತು.