ವರಮಹಾಲಕ್ಷ್ಮಿಗೆ ಸಿಟಿ ಮಾರ್ಕೆಟ್‌ನಿಂದ ಹೂವು ತರೋದು ಹೇಗೆ

ನಮ್ಮತ್ತೆ ಇರೋವರೆಗೂ ಹಬ್ಬದ ಹೂವು ತರೋದು ಅವರದೇ ಕೆಲಸ. ಅವರು ತೀರಿಕೊಂಡ ವರ್ಷ ಮೊದಲ ಸಲ ನಾನೇ ಬೆಂಗಳೂರಿನ ಸಿಟಿ ಮಾರ್ಕೆಟ್‌ಗೆ ಹೋಗಿ ಎರಡು ಕೇಜಿ ಸೇವಂತಿಗೆ ತಂದೆ. ಮೇಲೆ ನೋಡಿದರೆ ಅಪರಂಜಿ. ಬೆಳಿಗ್ಗೆ ಕವರ್ ಬಿಚ್ಚಿದರೆ ಒಳಗೆಲ್ಲ ಕಂದು, ಕೈಯಿಟ್ಟರೆ ಬಿಸಿ, ಮೂಗಿಗೆ ತಿಪ್ಪೆ ವಾಸನೆ. ಆ ವರ್ಷ ಲಕ್ಷ್ಮಿಗೆ ಪಕ್ಕದ ಮನೆ ದಾಸವಾಳವೇ ಗತಿಯಾಯ್ತು. ಆಗಿನಿಂದ ಕಲಿತಿದ್ದನ್ನ ಬರೀತಿದ್ದೀನಿ.

ಕಾಗದದಲ್ಲಿ ಅದು ಕೃಷ್ಣರಾಜೇಂದ್ರ ಮಾರುಕಟ್ಟೆ, ನಾಲ್ವಡಿಯವರ ಹೆಸರು, 1928ರದ್ದು. ಅದಕ್ಕೂ ಮುಂಚೆ ಅಲ್ಲಿ ಸಿದ್ದಿಕಟ್ಟೆ ಅನ್ನೋ ಕೆರೆ ಇತ್ತಂತೆ. ಮಳೆ ಬಂದ ದಿನ ಸುತ್ತಲಿನ ಕೆಸರು ತುಳಿದವರಿಗೆ ಈಗಲೂ ಇದೆ ಅನ್ನಿಸುತ್ತೆ. ಮೆಟ್ರೋದಲ್ಲಿ ಹಸಿರು ಮಾರ್ಗ ಹಿಡಿದು ಅದೇ ಹೆಸರಿನ ನಿಲ್ದಾಣದಲ್ಲಿ ಇಳೀರಿ. ಹಳೇ ಚಪ್ಪಲಿ, ಮೊಣಕಾಲಿಗೆ ಎತ್ತಿ ಉಟ್ಟ ಸೀರೆ ಅಥವಾ ಚೂಡಿದಾರ್, ಚಿಲ್ಲರೆ, ಎರಡು ಬಟ್ಟೆ ಚೀಲ, ಒಂದು ಒದ್ದೆ ಟವೆಲ್ಲು. ಕಾರು ಬೇಡವೇ ಬೇಡ.

ಹಬ್ಬ ಶುಕ್ರವಾರ ತಾನೇ? ಒಂದೇ ಸಲ ಎಲ್ಲ ತರೋಕೆ ಹೋಗಬೇಡಿ. ಸೇವಂತಿಗೆ ಬುಧವಾರ ತಂದರೂ ಬಾಳುತ್ತೆ. ಮಲ್ಲಿಗೆ ಮಾತ್ರ ಗುರುವಾರ ಬೆಳಿಗ್ಗೆಯೇ. ಗುರುವಾರ ಎಲ್ಲದರ ರೇಟೂ ಮೇಲೇರಿರುತ್ತೆ, ಚೌಕಾಶಿಗೆ ಯಾರಿಗೂ ಪುರುಸೊತ್ತಿಲ್ಲ.

ಬೆಳಕು ಹರಿಯೋ ಮುಂಚೆ ಹೋಗಿ. ಒಳಗೆ ಹೋದ ತಕ್ಷಣ ಹೂವಿನ ಹತ್ತಿರ ಇಳೀಬೇಡಿ. ಮೊದಲು ಮೇಲಿನ ಮಹಡಿಗೆ ಹತ್ತಿ ಕೆಳಗೆ ನೋಡಿ. ಫೋಟೋ ತೆಗೆಯೋರು ಅಲ್ಲೇ ನಿಂತಿರ್ತಾರೆ, ಆದರೆ ನಮಗೆ ಬೇಕಿರೋದು ಬೇರೆ: ಹೊಸ ಮೂಟೆ ಎಲ್ಲಿ ಬಿಚ್ಚುತ್ತಿದ್ದಾರೆ, ಎಲ್ಲಿ ಹಳೇ ಗುಡ್ಡೆಗೆ ನೀರು ಚಿಮುಕಿಸ್ತಿದ್ದಾರೆ, ಎರಡೂ ಅಲ್ಲಿಂದ ಚೆನ್ನಾಗಿ ಕಾಣುತ್ತೆ. ಹೊಸ ಮೂಟೆಯ ಕಡೆ ನಡೀರಿ. ತಲೆ ಮೇಲೆ ಹೊರೆ ಹೊತ್ತವರು ಕೂಗಿದರೆ ತಿರುಗಿ ನೋಡದೆ ಪಕ್ಕಕ್ಕೆ ಸರೀರಿ, ಅವರು ನಿಲ್ಲೋದಿಲ್ಲ.

ಸೇವಂತಿಗೆ ಗುಡ್ಡೆಯ ಒಳಗೆ ಮೊಣಕೈವರೆಗೂ ಕೈ ಹಾಕಿ. ತಣ್ಣಗಿದ್ದರೆ ತೊಗೊಳ್ಳಿ. ಬೆಚ್ಚಗಿದ್ದರೆ ಮೂಟೆಯಲ್ಲೇ ಬೆಂದಿದೆ ಅಂತ ಅರ್ಥ, ಬಣ್ಣಕ್ಕೆ ಮರುಳಾಗದೆ ಮುಂದಕ್ಕೆ ಹೋಗಿ. ಆಮೇಲೆ ಒಂದು ಹೂವು ಎತ್ತಿ ಕೊಡವಿ; ಎಸಳು ಉದುರಿದರೆ ಅದು ಮಾಲೆಗೆ ನಿಲ್ಲಲ್ಲ. ತುಂಬ ಒದ್ದೆ ಇದ್ದರೆ ನೀರಿಗೂ ದುಡ್ಡು ಕೊಟ್ಟ ಹಾಗೆ. ಕೈ ಹಾಕಿದ್ದಕ್ಕೆ ಕೆಲವರು ಗದರುತ್ತಾರೆ. "ಅಣ್ಣಾ, ದೇವರಿಗೆ" ಅನ್ನಿ, ಸುಮ್ಮನಾಗ್ತಾರೆ. ಕನ್ನಡ, ತಮಿಳು, ತೆಲುಗು, ಉರ್ದು ಯಾವುದಾದರೂ ನಡೆಯುತ್ತೆ.

ಮಲ್ಲಿಗೆ ಮೊಗ್ಗು ಬೆಳ್ಳಗೆ, ದಪ್ಪಗೆ, ಬಾಯಿ ಮುಚ್ಚಿರಬೇಕು. ಹಸಿರು ಛಾಯೆ ಇದ್ದರೆ ಅರಳೋದೇ ಇಲ್ಲ, ಆಗಲೇ ಅರಳಿದ್ದರೆ ಮಧ್ಯಾಹ್ನಕ್ಕೆ ಮುಗೀತು. ಕಾಕಡವನ್ನ ಮಲ್ಲಿಗೆ ಅಂತ ತಂದು ಬೈಸಿಕೊಂಡವರಿದ್ದಾರೆ, ನಮ್ಮ ಯಜಮಾನರೇ ಒಬ್ಬರು. ಮೂಸಿದರೆ ಗೊತ್ತಾಗುತ್ತೆ, ಕಾಕಡಕ್ಕೆ ಆ ಘಮ ಇಲ್ಲ. ಕನಕಾಂಬರ ಹಗುರ, ದುಬಾರಿ. ನೂರು ಗ್ರಾಂ ನಡುನಡುವೆ ಸೇರಿಸಿ ಕಟ್ಟೋಕೆ ಸಾಕು. ಮರುಗ ಒಂದು ಕಟ್ಟು ಮರೀಬೇಡಿ. ತಾವರೆ ಮೊಗ್ಗು ಬಿಗಿಯಾಗಿರೋದೇ ಇರಲಿ, ಕೈಯಲ್ಲಿ ಎಸಳು ಮಡಚಿ ಅರಳಿಸಿಟ್ಟಿದ್ದು ಬೇಡ.

ಕಟ್ಟಿದ ಹೂವು ಕೊಳ್ಳೋದಾದರೆ ಮೊಳ ಯಾರದು ಅಂತ ನೋಡಿ. ನಮ್ಮತ್ತೆ ಆರಡಿ ಎತ್ತರದ ಒಬ್ಬ ವ್ಯಾಪಾರಿಯ ಹತ್ತಿರವೇ ಕೊಳ್ಳುತ್ತಿದ್ದರು, ಗಿಡ್ಡ ಕೈಯವರ ಹತ್ತಿರ ನಿಲ್ಲುತ್ತಲೇ ಇರಲಿಲ್ಲ. ನನಗಂತೂ ಬಿಡಿ ಹೂವೇ ಇಷ್ಟ. ಬಾಳೆನಾರು ಅಲ್ಲೇ ಸಿಗುತ್ತೆ, ಕಟ್ಟೋ ಮುಂಚೆ ನೀರಲ್ಲಿ ನೆನೆಸಿ.

ಪ್ಲಾಸ್ಟಿಕ್ ಕವರಿನಲ್ಲಿ ಬಾಯಿ ಬಿಗಿದು ತರಬೇಡಿ, ನನ್ನ ಆ ವರ್ಷದ ಎರಡನೇ ತಪ್ಪು ಅದೇ. ಬಟ್ಟೆ ಚೀಲದಲ್ಲಿ ಸಡಿಲವಾಗಿ ತುಂಬಿ, ಮಲ್ಲಿಗೆಯನ್ನ ಬಾಳೆಎಲೆಯಲ್ಲಿ ಸುತ್ತಿ ಮೇಲೆ ಒದ್ದೆ ಟವೆಲ್ಲು ಹೊದಿಸಿ. ಮನೆಗೆ ಬಂದ ತಕ್ಷಣ ಸೇವಂತಿಗೆಯನ್ನ ನ್ಯೂಸ್‌ಪೇಪರ್ ಮೇಲೆ ಹರವಿ, ಫ್ಯಾನ್ ಹಾಕಬೇಡಿ.

ಹೊರಗಡೆ ರಸ್ತೆಯಲ್ಲಿ ಬಾಳೆಕಂದು, ಮಾವಿನ ಸೊಪ್ಪು ರಾಶಿ ಹಾಕಿರ್ತಾರೆ, ಅಗ್ಗವೂ ಹೌದು. ಸೊಪ್ಪು ತೊಗೊಳ್ಳಿ. ಬಾಳೆಕಂದನ್ನ ಮೆಟ್ರೋಗೆ ಹೊತ್ತು ಇಳಿಯೋಕಾಗಲ್ಲ, ಅದನ್ನ ಕಂಡ ಆಟೋದವರಿಗೆ ಮೀಟರ್ ಮರೆತುಹೋಗುತ್ತೆ. ನಾನು ಅದನ್ನ ನಮ್ಮ ಬೀದಿ ಮೂಲೆಯಲ್ಲೇ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳೋದು.