ಎಸ್ಪ್ರೆಸೊ ಯಂತ್ರಕ್ಕೆ ನಾನು ಹಾಕಿದ ರೀಸೆಟ್ ಸರ್ಕ್ಯೂಟ್

ನಮ್ಮ ಮನೆಯ ಗಾಜಿಯಾ ಕ್ಲಾಸಿಕ್ ಯಂತ್ರದೊಳಗೆ ಈಗ ಒಂದು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಕೂತಿದೆ. ಮೊದಲಿದ್ದ 107 ಡಿಗ್ರಿಯ ಥರ್ಮೋಸ್ಟಾಟ್ ತೆಗೆದು ಆ ಜಾಗದಲ್ಲಿ ಬಿಸಿ ಅಳೆಯುವ ಸೆನ್ಸರ್ ಕೂರಿಸಿದ್ದೇನೆ. ಹೀಟರನ್ನು ಸಾಲಿಡ್ ಸ್ಟೇಟ್ ರಿಲೇ (ಎಲೆಕ್ಟ್ರಾನಿಕ್ ಸ್ವಿಚ್) ಮೂಲಕ ಬೋರ್ಡೇ ಆನ್, ಆಫ್ ಮಾಡುತ್ತದೆ. ಬಾಯ್ಲರಿನ ಬಿಸಿ ಈಗ ಮೊದಲಿನ ಹಾಗೆ ಏರಿಳಿಯುವುದಿಲ್ಲ. ಚಿಕ್ಕಮಗಳೂರಿನ ಅರೇಬಿಕಾ ಹಾಕಿದಾಗ ಆ ವ್ಯತ್ಯಾಸ ಬಾಯಿಗೆ ಗೊತ್ತಾಗುತ್ತದೆ.

ತೊಂದರೆ ಇದ್ದದ್ದು ಸ್ವಿಚ್ ಹಾಕುವ ಹೊತ್ತಿನಲ್ಲಿ. ಕೆಲವು ಸಲ ಸ್ಕ್ರೀನ್ ಬರುತ್ತಲೇ ಇರಲಿಲ್ಲ. ಯಂತ್ರದ ಹಿಂಬದಿಯಲ್ಲಿ ಬೋರ್ಡನ್ನು ಮೊದಲಿನಿಂದ ಶುರು ಮಾಡಿಸುವ ಒಂದು ರೀಸೆಟ್ ಬಟನ್ ಇಟ್ಟುಕೊಂಡಿದ್ದೆ, ಅದನ್ನು ಒತ್ತಿದರೆ ತಕ್ಷಣ ಎಲ್ಲವೂ ಸರಿ. ಮನೆಯಲ್ಲಿ ಬೇರೆಯವರು ಕಾಫಿ ಮಾಡಿಕೊಳ್ಳಬೇಕಾದರೆ ಅವರಿಗೆ ಈ ಬಟನ್ ಪಾಠ ಹೇಳಿಕೊಡಬೇಕೇ? ಅದು ಸರಿಯಲ್ಲ ಅನ್ನಿಸಿತು.

ಬೋರ್ಡನ್ನೂ ಅದಕ್ಕೆ ಕರೆಂಟು ಕೊಡುವ 5 ವೋಲ್ಟ್ ಮಾಡ್ಯೂಲನ್ನೂ ಮೇಜಿನ ಮೇಲಿಟ್ಟು, ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಚ್ಚಿದೆ. ಮಲ್ಟಿಮೀಟರಿನಲ್ಲಿ ಇದು ಕಾಣುವುದಿಲ್ಲ, ಅದಕ್ಕೆ ಅಷ್ಟು ವೇಗವಿಲ್ಲ. ಸ್ಕೋಪಿನಲ್ಲಿ ವಿಷಯ ಸ್ಪಷ್ಟವಾಯಿತು. ಚಿಪ್ಪಿಗೆ ಕರೆಂಟು ಕೊಡುವ 3.3 ವೋಲ್ಟಿನ ಲೈನು ಒಮ್ಮೆಲೇ ಏರದೆ ಇಳಿಜಾರಿನ ಹಾಗೆ ನಿಧಾನಕ್ಕೆ ಏರುತ್ತಿತ್ತು. ಚಿಪ್ಪಿಗೆ 'ಇನ್ನು ಶುರು ಮಾಡು' ಅನ್ನುವ ಇಎನ್ ಪಿನ್ ಅದರ ಬೆನ್ನಿಗೇ ಏರುತ್ತಿತ್ತು. ನನ್ನ ಬೋರ್ಡಿನಲ್ಲಿ ಇಎನ್‌ಗೆ ಇದ್ದದ್ದು 10 ಕಿಲೋ ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಭಾಗ). ಎರಡನ್ನೂ ಗುಣಿಸಿದರೆ ಇಎನ್ ಎಷ್ಟು ತಡವಾಗಿ ಏರುತ್ತದೆ ಅನ್ನುವ ಅಂದಾಜು ಸಿಗುತ್ತದೆ: ಬರೀ 1 ಮಿಲಿಸೆಕೆಂಡ್. ವೋಲ್ಟೇಜ್ ನೆಟ್ಟಗೆ ನಿಲ್ಲುವ ಮೊದಲೇ ಚಿಪ್ ಓಡಲು ಶುರು ಮಾಡುತ್ತಿತ್ತು. ಚಿಪ್ ತಯಾರಕರ ದಾಖಲೆಯೇ 10 ಕಿಲೋ ಓಮ್ ಜೊತೆ 1 ಮೈಕ್ರೋಫ್ಯಾರಡ್ ಹಾಕಿ ಅನ್ನುತ್ತದೆ. ನಮ್ಮ ಮಾಡ್ಯೂಲಿನ ನಿಧಾನ ನೋಡಿ ನಾನು 10 ಮೈಕ್ರೋಫ್ಯಾರಡ್ ಹಾಕಿದೆ. ಇಎನ್ ಪಿನ್ 3.3 ವೋಲ್ಟಿನ ಮುಕ್ಕಾಲು ಭಾಗ ತಲುಪಲು ಆಗ ಸುಮಾರು 140 ಮಿಲಿಸೆಕೆಂಡ್ ಬೇಕು. ಕಾಫಿ ಮಾಡುವವರಿಗೆ ಅಷ್ಟು ಹೊತ್ತು ಲೆಕ್ಕಕ್ಕೇ ಬರುವುದಿಲ್ಲ.

ಬೇಕಾದ ಸಾಮಾನು ಎರಡೇ: ಆ ಕೆಪಾಸಿಟರ್ ಮತ್ತು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4148 ಡಯೋಡ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡೂ ಚಿಲ್ಲರೆ ಕಾಸಿಗೆ ಸಿಗುತ್ತವೆ. ಕೆಪಾಸಿಟರ್ ಮೇಲೆ 105 ಡಿಗ್ರಿ ಅಂತ ಬರೆದಿರುವುದನ್ನೇ ಕೇಳಿ ತಂದೆ. ಬಾಯ್ಲರ್ ಪಕ್ಕದ ಪೆಟ್ಟಿಗೆಯೊಳಗೆ 85 ಡಿಗ್ರಿಯದ್ದು ಜಾಸ್ತಿ ದಿನ ಬಾಳುವುದಿಲ್ಲ. ನನ್ನ 38 ಪಿನ್ನಿನ ಬೋರ್ಡಿನಲ್ಲಿ 3.3 ವೋಲ್ಟ್ ಪಿನ್ನೂ ಇಎನ್ ಪಿನ್ನೂ ಮೂಲೆಯಲ್ಲಿ ಅಕ್ಕಪಕ್ಕದಲ್ಲೇ ಇವೆ. ಡಯೋಡನ್ನು ಅವೆರಡರ ನಡುವೆ ನೇರವಾಗಿ ಬೆಸುಗೆ ಹಾಕಿದೆ, ಕಪ್ಪು ಪಟ್ಟಿ ಇರುವ ತುದಿ 3.3 ವೋಲ್ಟ್ ಕಡೆಗೆ. ಸ್ವಿಚ್ ಆರಿಸಿದಾಗ ಕೆಪಾಸಿಟರಿನ ಚಾರ್ಜ್ ಈ ದಾರಿಯಲ್ಲಿ ಬೇಗ ಇಳಿಯುತ್ತದೆ. ಕೆಪಾಸಿಟರಿನ ಪ್ಲಸ್ ಕಾಲು ಇಎನ್‌ಗೆ, ಮೈನಸ್ ಕಾಲು ಗ್ರೌಂಡಿಗೆ, ನಡುವೆ ಒಂದು ಜಂಪರ್ (ಕಿತ್ತು ಹಾಕಬಹುದಾದ ಪುಟ್ಟ ಕೊಂಡಿ). ಯುಎಸ್‌ಬಿಯಿಂದ ಹೊಸ ಪ್ರೋಗ್ರಾಂ ಹಾಕುವಾಗ ದೊಡ್ಡ ಕೆಪಾಸಿಟರ್ ಅಡ್ಡ ಬರಬಹುದು. ಆಗ ಜಂಪರ್ ಕಿತ್ತರೆ ಆಯಿತು.

ಸ್ವಿಚ್ ಹಾಕಿದಾಗಿನ ತೊಂದರೆ ಅಲ್ಲಿಗೆ ಹೋಯಿತು. ಆದರೆ ಮಳೆಗಾಲದ ಬೆಂಗಳೂರಿನಲ್ಲಿ ಎಷ್ಟೋ ಸಲ ಕರೆಂಟು ಪೂರ್ತಿ ಹೋಗುವುದಿಲ್ಲ, ಪಟ್ ಅಂತ ಹೋಗಿ ಬರುತ್ತದೆ. ಆಗ 3.3 ವೋಲ್ಟ್ ಲೈನು 2ಕ್ಕೋ ಒಂದೂವರೆಗೋ ಇಳಿದು ಮತ್ತೆ ಏರುತ್ತದೆ. ರೀಸೆಟ್ ಆಗಬೇಕಾದರೆ ಇಎನ್ ಸುಮಾರು 0.8 ವೋಲ್ಟಿನ ಕೆಳಗೆ ಬರಬೇಕು. ಡಯೋಡ್ ಮೂಲಕ ಇಳಿಯುವ ಕೆಪಾಸಿಟರ್ ಲೈನಿಗಿಂತ ಯಾವಾಗಲೂ ಸ್ವಲ್ಪ ಮೇಲೆಯೇ ಇರುತ್ತದೆ. ಹೀಗಾಗಿ ಇಂಥ ಗಳಿಗೆಯಲ್ಲಿ ಈ ಸರ್ಕ್ಯೂಟಿನಿಂದ ಉಪಯೋಗವಿಲ್ಲ. ಚಿಪ್ಪಿನೊಳಗೇ ಬ್ರೌನ್‌ಔಟ್ ಕಾವಲು, ಅಂದರೆ ವೋಲ್ಟೇಜ್ ಕುಸಿದರೆ ಚಿಪ್ಪನ್ನು ತಡೆಯುವ ವ್ಯವಸ್ಥೆ, ಇದೆ, ನಿಜ. ಆದರೆ ಹೀಟರ್ ಹಿಡಿದಿರುವ ಬೋರ್ಡಿಗೆ ಅದೊಂದೇ ಸಾಕು ಅಂತ ನನಗೆ ಅನ್ನಿಸಲಿಲ್ಲ.

ಅದಕ್ಕೆ ಆಮೇಲೆ ಮ್ಯಾಕ್ಸ್803ಎಸ್ ಎಂಬ ಮೂರು ಕಾಲಿನ ಐಸಿ ಹಾಕಿದೆ. ಲೈನು 2.93 ವೋಲ್ಟಿಗಿಂತ ಇಳಿದರೆ ಅದು ಇಎನ್ ಅನ್ನು ಗ್ರೌಂಡಿಗೆ ಎಳೆದು ಹಿಡಿಯುತ್ತದೆ. ವೋಲ್ಟೇಜ್ ಸರಿಯಾದ ಮೇಲೂ ಕನಿಷ್ಠ 140 ಮಿಲಿಸೆಕೆಂಡ್ ಬಿಡುವುದಿಲ್ಲ. ಮ್ಯಾಕ್ಸ್809 ಹೆಚ್ಚು ಕಡೆ ಸಿಗುತ್ತದೆ, ಆದರೆ ಅದು ಪಿನ್ನನ್ನು ಮೇಲಕ್ಕೂ ತಳ್ಳುತ್ತದೆ, ಪಿನ್ನನ್ನು ಕೆಳಕ್ಕೆಳೆಯುವ ರೀಸೆಟ್ ಬಟನ್ ಒತ್ತಿದರೆ ಎರಡಕ್ಕೂ ಜಗಳ. 803 ಓಪನ್ ಡ್ರೈನ್, ಕೆಳಗೆ ಎಳೆಯುವುದಷ್ಟೇ ಅದರ ಕೆಲಸ. ಅದು ಬಂದ ಮೇಲೆ ಜಂಪರನ್ನೂ ದೊಡ್ಡ ಕೆಪಾಸಿಟರನ್ನೂ ತೆಗೆದುಬಿಟ್ಟೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ರೀಸೆಟ್ ಆಗುವಷ್ಟು ಹೊತ್ತು ಬೋರ್ಡಿನ ಪಿನ್ನುಗಳಿಗೆ ಯಜಮಾನ ಇರುವುದಿಲ್ಲ. ಆಗ ಹೀಟರ್ ಖಂಡಿತ ಆಫ್ ಇರಬೇಕು. ಬಾಯ್ಲರಿನಲ್ಲಿ ಹಿಡಿಯುವುದು 100 ಮಿಲಿಲೀಟರ್ ನೀರು, ಹೀಟರ್ 1300 ವ್ಯಾಟಿನ ಆಸುಪಾಸಿನದು. ಸುಮ್ನೆ ಆನ್ ಆಗಿ ಉಳಿದರೆ ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಡಿಗ್ರಿ ಏರುತ್ತಾ ಹೋಗುತ್ತದೆ. ರಿಲೇಯನ್ನು ನಾನು 26ನೇ ಪಿನ್ನಿನಿಂದ ಒಂದು ಬಿ.ಸಿ.547 ಟ್ರಾನ್ಸಿಸ್ಟರ್ ಮೂಲಕ ನಡೆಸುತ್ತೇನೆ. ಅದರ ಬೇಸ್ ಕಾಲಿನಿಂದ ಗ್ರೌಂಡಿಗೆ 10 ಕಿಲೋ ಓಮ್ ಹಾಕಿದ್ದೇನೆ. ಬೋರ್ಡ್ ಸುಮ್ಮನಿದ್ದರೆ ಟ್ರಾನ್ಸಿಸ್ಟರೂ ಸುಮ್ಮನಿರುತ್ತದೆ. 5, 14, 15ನೇ ಪಿನ್ನುಗಳು ಶುರುವಾಗುವಾಗ ತಾವೇ ಸಿಗ್ನಲ್ ಕೊಡುತ್ತವೆ. ಹೀಟರಿಗೆ ಅವು ಬೇಡವೇ ಬೇಡ. ಸಾಲಿಡ್ ಸ್ಟೇಟ್ ರಿಲೇ ಕೆಟ್ಟರೆ ಸಾಮಾನ್ಯವಾಗಿ ಆನ್ ಆಗಿಯೇ ಕೆಡುತ್ತದೆ. ಹಾಗಾಗಿ ಹೀಟರ್ ಲೈನಿನಲ್ಲಿ 145 ಡಿಗ್ರಿಯ ಸ್ಟೀಮ್ ಥರ್ಮೋಸ್ಟಾಟನ್ನೂ ಥರ್ಮಲ್ ಫ್ಯೂಸನ್ನೂ ಹಾಗೆಯೇ ಬಿಟ್ಟಿದ್ದೇನೆ. ಅವೆರಡನ್ನು ಯಾರೂ ಬೈಪಾಸ್ ಮಾಡಬಾರದು, ದಯವಿಟ್ಟು.

ಪ್ರೋಗ್ರಾಮಿನಲ್ಲೂ ಒಂದು ನಿಯಮ ಇಟ್ಟೆ. ಬೋರ್ಡ್ ತಾನಾಗಿ ಏಳಲಿ, ಬಿಸಿ ಮಾತ್ರ ತಾನಾಗಿ ಶುರು ಆಗಬಾರದು. ಯಂತ್ರದ ಮುಂಭಾಗದ ಬಟನ್ ಒತ್ತಿದ ಮೇಲೆಯೇ ಹೀಟರ್. ಕರೆಂಟು ವಾಪಸ್ ಬಂದಾಗ ಮನೆಯಲ್ಲಿ ಯಾರೂ ಇಲ್ಲದೆ ಇರಬಹುದು ಅಲ್ವಾ? ಬೆಳಗ್ಗೆ ಟೈಮರ್ ಇಟ್ಟು ಬಿಸಿ ಮಾಡುವ ಅನುಕೂಲ ಇದರಿಂದ ತಪ್ಪಿತು, ಪರವಾಗಿಲ್ಲ.

ಪರೀಕ್ಷೆಗೆ ಹೀಟರಿನ ವೈರ್ ಬಿಚ್ಚಿ, ಅದರ ಜಾಗದಲ್ಲಿ 60 ವ್ಯಾಟಿನ ಹಳೇ ತಂತಿ ಬಲ್ಬ್ ಹಾಕಿದೆ. ಎಲ್‌ಇಡಿ ಬಲ್ಬ್ ಆಗುವುದಿಲ್ಲ. ರಿಲೇ ಆಫ್ ಇದ್ದಾಗಲೂ ಸ್ವಲ್ಪ ಕರೆಂಟು ಸೋರುತ್ತದೆ, ಅಷ್ಟಕ್ಕೇ ಅದು ಮಿಣುಕುತ್ತದೆ. ಸ್ವಿಚ್ಚನ್ನು ನಿಧಾನಕ್ಕೂ ಪಟಪಟನೆಯೂ ಆನ್, ಆಫ್ ಮಾಡುತ್ತಾ ನೋಡಿದೆ. ಪ್ರತಿ ಸಲವೂ ಸ್ಕ್ರೀನ್ ಬಂತು, ಬಲ್ಬ್ ಒಮ್ಮೆಯೂ ಹೊತ್ತಲಿಲ್ಲ. ಆಮೇಲೆ ಪ್ಲಗ್ ಕಿತ್ತು, ಹೀಟರಿನ ವೈರ್ ಮತ್ತೆ ಜೋಡಿಸಿ, ಅರ್ತ್ ತಂತಿ ಬಿಗಿಯಾಗಿದೆಯೇ ನೋಡಿ ಮುಚ್ಚಳ ಹಾಕಿದೆ.