ಮನೆ ಹಿಂದಿನ ಕೊಳದಲ್ಲಿ ಅಲಿಗೇಟರ್ ಇದ್ದರೆ

ಅಮೆರಿಕದ ಫ್ಲಾರಿಡಾ ರಾಜ್ಯದ ಬಡಾವಣೆಗಳಲ್ಲಿ ಮನೆಗಳ ಹಿಂದಿರುವ ಕೊಳಗಳನ್ನು ಹೆಚ್ಚಾಗಿ ತೋಡಿರುವುದು ಮಳೆನೀರು ಬೀದಿಗೆ ನುಗ್ಗದಿರಲೆಂದು. ರಾಜ್ಯದ 67 ಕೌಂಟಿಗಳಲ್ಲೂ (ಅಲ್ಲಿನ ಜಿಲ್ಲೆಗಳು) ಮೊಸಳೆಯ ಸಂಬಂಧಿಗಳಾದ ಅಲಿಗೇಟರ್‌ಗಳಿವೆ, ಒಟ್ಟು ಸುಮಾರು 13 ಲಕ್ಷ. ಕೊಳದಿಂದ ಕೊಳಕ್ಕೆ ನಡೆದೇ ಹೋಗುತ್ತವೆ. ‘ನಮ್ಮ ಕೊಳದಲ್ಲಿಲ್ಲ’ ಎಂದು ಯಾರು ಹೇಳಿದರೂ ನಂಬಬೇಡಿ. ಊರಿಂದ ಅಪ್ಪ ಅಮ್ಮ ಬಂದರೆ ಮೊದಲ ದಿನವೇ ಈ ವಿಷಯ ತಿಳಿಸಿ.

ಮೊದಲ ಹೆಜ್ಜೆ: ನೀರಿಗೆ ತಿನ್ನುವುದೇನನ್ನೂ ಹಾಕಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಅಲಿಗೇಟರ್‌ಗೆ ತಿನ್ನಿಸುವುದು ಕಾನೂನುಬಾಹಿರ ಎಂದು ಬಹಳ ಜನರಿಗೆ ಗೊತ್ತು. ಆದರೆ ಬಾತುಕೋಳಿಗೆ ಬ್ರೆಡ್ಡು, ಆಮೆಗೆ ಉಳಿದ ಅನ್ನ ಹಾಕುವುದೂ ಅದೇ ಅನಾಹುತಕ್ಕೆ ದಾರಿ. ಬಾತು, ಆಮೆ, ಮೀನು ಒಂದೆಡೆ ಸೇರಿದರೆ ಅವನ್ನು ತಿನ್ನಲು ಅಲಿಗೇಟರ್ ಅಲ್ಲಿಗೇ ಬರುತ್ತದೆ. ಕಾಡಿನ ಅಲಿಗೇಟರ್ ಮನುಷ್ಯರನ್ನು ಕಂಡರೆ ಸಾಮಾನ್ಯವಾಗಿ ನೀರಿಗಿಳಿದು ದೂರ ಸರಿಯುತ್ತದೆ. ನಿಮ್ಮತ್ತಲೇ ಈಜಿ ಬಂದರೆ ಯಾರೋ ರುಚಿ ಹತ್ತಿಸಿದ್ದಾರೆ ಎಂದೇ ತಿಳಿಯಿರಿ. ಅಪಾಯಕಾರಿ ಪ್ರಾಣಿ ಅದು.

ಗಣಪತಿಯನ್ನು ಈ ಕೊಳಗಳಲ್ಲಿ ಬಿಡಲೇಬೇಡಿ. ಅಲಿಗೇಟರ್ ಮೊಟ್ಟೆಯೊಡೆದು ಮರಿಗಳು ಹೊರಬರುವುದು ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಆರಂಭದವರೆಗೆ, ಹಬ್ಬದ ಆಸುಪಾಸಿನಲ್ಲೇ. ತಾಯಿ ಅಲ್ಲೇ ಕಾಯುತ್ತಿರುತ್ತದೆ. ಸಂಜೆಗತ್ತಲಲ್ಲಿ ಮಕ್ಕಳ ಜೊತೆ ದಡಕ್ಕಿಳಿದು ನೈವೇದ್ಯವನ್ನೂ ನೀರಿಗೆ ಬಿಡುವುದೆಂದರೆ ಎಲ್ಲ ಅಪಾಯವನ್ನೂ ಒಟ್ಟಿಗೆ ಕರೆದಂತೆ. ಬಣ್ಣ ಹಚ್ಚದ ಮಣ್ಣಿನ ಗಣಪನನ್ನು ತಂದು ಬಕೆಟ್‌ನಲ್ಲೇ ವಿಸರ್ಜಿಸಿ, ಕರಗಿದ ನೀರನ್ನು ಗಿಡಕ್ಕೆ ಹಾಕಿ.

ಎರಡನೆಯದು ವಾಕಿಂಗ್. ಮುಸ್ಸಂಜೆಯಿಂದ ಮುಂಜಾವಿನವರೆಗೆ ಅಲಿಗೇಟರ್‌ಗಳು ಚುರುಕು. ಆ ಹೊತ್ತಿನಲ್ಲಿ ಕೊಳದ ಸುತ್ತ ತಿರುಗಬೇಡಿ. ಹಗಲಲ್ಲೂ ನೀರಿನಂಚಿನಿಂದ 20 ಅಡಿ ಬಿಟ್ಟು ನಡೆಯಿರಿ. ಅದು ಅಟ್ಟಿಸಿಕೊಂಡು ಬರುವುದಕ್ಕಿಂತ ಹೆಚ್ಚಾಗಿ ಅಂಚಿನಲ್ಲೇ ಮುಳುಗಿ ಹೊಂಚುಹಾಕುತ್ತದೆ. 2016ರ ಜೂನ್‌ನಲ್ಲಿ ಆರ್ಲ್ಯಾಂಡೊ ಬಳಿಯ ಡಿಸ್ನಿ ರೆಸಾರ್ಟ್‌ನಲ್ಲಿ ಎರಡು ವರ್ಷದ ಮಗುವನ್ನು ಎಳೆದೊಯ್ದದ್ದು ಸರೋವರದ ಅಂಚಿನಿಂದಲೇ. ಚಳಿಗಾಲವೆಂದು ಮೈಮರೆಯಬೇಡಿ: ಫೋರ್ಟ್ ಪಿಯರ್ಸ್‌ನಲ್ಲಿ ಕೊಳದ ಪಕ್ಕ ನಾಯಿ ಜೊತೆ ನಡೆಯುತ್ತಿದ್ದ 85 ವರ್ಷದ ಮಹಿಳೆ ಸತ್ತದ್ದು 2023ರ ಫೆಬ್ರವರಿಯಲ್ಲಿ. ನಾಯಿಗೆ ಆರಡಿಯ ಗಟ್ಟಿ ಪಟ್ಟಿಯೇ ಇರಲಿ. ಎಳೆದಷ್ಟೂ ಬಿಚ್ಚಿಕೊಳ್ಳುವ ಲೀಶ್‌ಗಳನ್ನು ಕೊಳ್ಳಬೇಡಿ, ನಾಯಿ ನೀರು ಮುಟ್ಟಿದ ಮೇಲೇ ನಿಮಗೆ ಗೊತ್ತಾಗುವುದು. ಜಾಲರಿ ಬೇಲಿಯನ್ನು ಅಲಿಗೇಟರ್ ಹತ್ತಿ ದಾಟಬಲ್ಲದು. ಬೇಲಿಯಿದೆಯೆಂದು ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ.

ಕಣ್ಣಿಗೆ ಬಿದ್ದರೆ 60 ಅಡಿ ದೂರದಲ್ಲೇ ಇರಿ, ಫೋಟೊಗಾಗಿ ಹತ್ತಿರ ಹೋಗಬೇಡಿ. ತಲೆಯಷ್ಟೇ ಕಂಡರೂ ಗಾತ್ರ ಅಂದಾಜಿಸಬಹುದು: ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಎಷ್ಟು ಇಂಚೋ, ಮೈ ಸುಮಾರು ಅಷ್ಟು ಅಡಿ. ಬುಸುಗುಟ್ಟಿದರೆ ನೀವು ಮಿತಿ ಮೀರಿ ಹತ್ತಿರವಿದ್ದೀರಿ, ಹಿಂದೆ ಸರಿಯಿರಿ. ಮೇಲೆರಗಿದರೆ ನೀರಿನಿಂದ ದೂರಕ್ಕೆ ನೇರವಾಗಿ ಓಡಿ. ಅಂಕುಡೊಂಕಾಗಿ ಓಡಬೇಕೆನ್ನುವುದು ಸುಳ್ಳು, ಅದರಿಂದ ದೂರ ಕಡಿಮೆಯಾಗುತ್ತದಷ್ಟೇ.

ಹಿಡಿದರೆ ಸುಮ್ಮನಾಗಬೇಡಿ. ಕಣ್ಣಿಗೆ ತಿವಿಯಿರಿ, ಮೂತಿಗೆ ಗುದ್ದಿ, ಕಿರುಚಿ. ಹಿಡಿತ ಬದಲಿಸಲು ಬಾಯಿ ಸಡಿಲಿಸಿದಾಗ ಕಿತ್ತುಕೊಂಡು ದೂರ ಸರಿಯಿರಿ. ಗಾಯ ಚಿಕ್ಕದಾದರೂ ಆಸ್ಪತ್ರೆಗೆ ಹೋಗಿ, ಅದರ ಬಾಯಿಯ ಬ್ಯಾಕ್ಟೀರಿಯಾದಿಂದ ಸೋಂಕು ಬೇಗ ಏರುತ್ತದೆ.

ಕೊನೆಯದು ದೂರು. ನಾಲ್ಕು ಅಡಿ ಅಥವಾ ಹೆಚ್ಚು ಉದ್ದವಿದ್ದು ಜನರಿಗೆ, ಸಾಕುಪ್ರಾಣಿಗೆ ಅಪಾಯವೆನಿಸಿದರೆ ರಾಜ್ಯದ ವನ್ಯಜೀವಿ ಆಯೋಗದ 866-392-4286ಕ್ಕೆ ಕರೆಮಾಡಿ. ನೀವೇ ಹಿಡಿಯುವುದು, ಕಲ್ಲೆಸೆಯುವುದು ಅಪರಾಧ. ಅವರು ಕಳಿಸುವ ಟ್ರ್ಯಾಪರ್ (ಅಲಿಗೇಟರ್ ಹಿಡಿಯುವವರು) ಸಾಮಾನ್ಯವಾಗಿ ಅದನ್ನು ಬೇರೆ ಕೆರೆಗೆ ಬಿಡುವುದಿಲ್ಲ, ಕೊಲ್ಲುತ್ತಾರೆ. ಬಿಟ್ಟರೆ ಹಳೆಯ ಜಾಗಕ್ಕೇ ಮರಳಲು ನೋಡುತ್ತದೆ. ಕೊಳ ಬಡಾವಣೆಯ ಸಂಘದ್ದಾದರೆ ಅವರ ಒಪ್ಪಿಗೆಯೂ ಬೇಕು, ಆದ್ದರಿಂದ ಮ್ಯಾನೇಜರ್‌ಗೂ ಅದೇ ದಿನ ತಿಳಿಸಿ.